ಮೀಟರ್ ಮುಳ್ಳು ಯಾಕೆ ನಿಲ್ಲಲ್ಲ? ಹೈಡ್ರಾಲಿಕ್ ಪ್ರೆಸ್ ಮತ್ತು ಒಂದು ವಾಷರ್‌ನ ಕಥೆ



ಈ ಸಲದ ವಿಷಯ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ಒಬ್ಬ ಹುಡುಗ ಕಳಿಸಿದ್ದು. ಮನೆ ಹಿಂದಿನ ಶೆಡ್ಡಿನಲ್ಲಿ ಅಡಿಕೆ ಹಾಳೆ ತಟ್ಟೆ ಒತ್ತುವ ಒಂದು ಚಿಕ್ಕ ಹೈಡ್ರಾಲಿಕ್ ಪ್ರೆಸ್ ಇದೆ. ಅವನ ಮಾತಲ್ಲೇ ಹೇಳ್ತೀನಿ: "ಅಣ್ಣ, ಮೀಟರ್ ಮುಳ್ಳು ಮೇಲಕ್ಕೆ ಹೋಗುತ್ತೆ, ಆದ್ರೆ ನಿಲ್ಲಲ್ಲ. ಲಿವರ್ ಬಿಟ್ರೆ ಇಳ್ಕೊಂಡ್ ಬರುತ್ತೆ. ಅಂಗಡಿಯವರು ಪಂಪೇ ಹೊಸದು ಹಾಕ್ಸಿ ಅಂತಾರೆ. ನಾನೇ ಬಿಚ್ಚಿ ನೋಡ್ಲಾ?"

ನಾನು ಮೆಕ್ಯಾನಿಕ್ ಅಲ್ಲ, ಇತಿಹಾಸ ಓದೋನು. ಆದರೆ ಈ ಪ್ರಶ್ನೆ ಇತಿಹಾಸದ್ದೇ. ಮುಳ್ಳು ಏರುತ್ತೆ ಆದರೆ ನಿಲ್ಲಲ್ಲ ಅನ್ನೋ ತೊಂದರೆ 1795ರಲ್ಲಿ ಲಂಡನ್ನಿನಲ್ಲಿ ಮೊದಲ ಹೈಡ್ರಾಲಿಕ್ ಪ್ರೆಸ್ ಕಟ್ಟಿದವನಿಗೂ ಇತ್ತು. ಅವನಿಗೂ ಪಂಪು ಸರಿಯಾಗೇ ಇತ್ತು. "ನಾನೇ ಬಿಚ್ಲಾ" ಅನ್ನೋ ಮಾತಿಗೂ ಒಂದು ಇತಿಹಾಸ ಇದೆ, ಅದರಲ್ಲಿ ಸಾವೂ ಇದೆ. ಎರಡನ್ನೂ ಹೇಳ್ತೀನಿ.

ಬುಕ್ಕಾಪಟ್ಟಣ ಗೊತ್ತಿಲ್ಲದವರಿಗೆ ಒಂದು ಮಾತು. ಶಿರಾ ತಾಲ್ಲೂಕಿನ ಹೋಬಳಿ. ಸುತ್ತ ಕುರುಚಲು ಕಾಡು. 2019ರಲ್ಲಿ ಸರ್ಕಾರ ಈ ಕಾಡನ್ನು ಚಿಂಕಾರ ವನ್ಯಜೀವಿಧಾಮ ಅಂತ ಘೋಷಿಸಿತು. ಶಿರಾ, ಪಾವಗಡ, ಮಧುಗಿರಿ ಅಂದ್ರೆ ನಮಗೆಲ್ಲ ನೆನಪಾಗೋದು ಕಡ್ಲೆಕಾಯಿ ಹೊಲ. ನೀರು ಸಿಕ್ಕ ಕಡೆ ತೆಂಗು, ಅಡಿಕೆ. ಪ್ಲಾಸ್ಟಿಕ್ ತಟ್ಟೆ ಲೋಟಗಳ ಮೇಲೆ ಕರ್ನಾಟಕ 2016ರಲ್ಲಿ ನಿಷೇಧ ಹಾಕಿತು, 2022ರ ಜುಲೈ 1ರಿಂದ ದೇಶಕ್ಕೆಲ್ಲ ಅಂಥದ್ದೇ ನಿಯಮ ಬಂತು. ತೋಟದಲ್ಲಿ ಬಿದ್ದು ಕೊಳೀತಾ ಇದ್ದ ಹಾಳೆಗೆ ಬೆಲೆ ಬಂತು. ಒಂದು ಮೋಟಾರು, ಒಂದು ಗೇರ್ ಪಂಪು, ಒಂದು ಲಿವರು, ಎರಡು ಮೂರು ಸಿಲಿಂಡರು, ಕೆಳಗೆ ಬಿಸಿಯಾಗೋ ಡೈಗಳು. ಸಾಲ ಮಾಡಿ ತಂದ ಇಷ್ಟು ಸಾಮಾನಿನ ಮೇಲೆ ಒಂದೊಂದು ಮನೆ ನಿಂತಿದೆ. ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿ ಬೇರಿಂಗ್ ಒತ್ತೋಕೆ ಇಟ್ಟಿರೋ, ಕೈಯಲ್ಲಿ ಹೊಡೆಯೋ ಪ್ರೆಸ್ಸೂ ಇದೇ ಜಾತಿ.

ಒತ್ತುವ ಯಂತ್ರ ನಮಗೇನು ಹೊಸದಲ್ಲ. ಕರ್ನಾಟಕದ ಶಾಸನಗಳಲ್ಲಿ ದೇವಸ್ಥಾನದ ನಂದಾದೀಪಕ್ಕೆ ಎಣ್ಣೆ ಬಿಟ್ಟುಕೊಟ್ಟ ಗಾಣಗಳ ಮಾತು ಮತ್ತೆ ಮತ್ತೆ ಬರುತ್ತೆ, ಗಾಣಕ್ಕೆ ಹಾಕಿದ ತೆರಿಗೆಯ ಮಾತೂ ಬರುತ್ತೆ. ಆದರೆ ಗಾಣದಲ್ಲಿ ಒಂದು ಒಳ್ಳೆಯ ಗುಣ ಇದೆ: ಬಲ ಎಲ್ಲಿಂದ ಬರ್ತಿದೆ ಅಂತ ಕಣ್ಣಿಗೆ ಕಾಣುತ್ತೆ. ಎತ್ತು ನಿಂತರೆ ಗಾಣ ನಿಂತಿತು. ಹೈಡ್ರಾಲಿಕ್ ಪ್ರೆಸ್ ಹಾಗಲ್ಲ. ಮೋಟಾರು ಆಫ್ ಮಾಡಿದ ಮೇಲೂ ಪೈಪಿನೊಳಗೆ ಬಲ ಸುಮ್ಮನೆ ಕೂತಿರಬಹುದು. ಈ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲು ಲೆಕ್ಕ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಬರೆದಿಟ್ಟಿದ್ದ ಒಂದು ಪುಸ್ತಕ, ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಅದರಲ್ಲಿ ನೀರು ತುಂಬಿದ ಮುಚ್ಚಿದ ಪಾತ್ರೆಗೆ ಎರಡು ಬಾಯಿ, ಒಂದು ಇನ್ನೊಂದರ ನೂರರಷ್ಟು ದೊಡ್ಡದು. ಚಿಕ್ಕ ಬಾಯಿಯಲ್ಲಿ ಒಬ್ಬ ಒತ್ತಿದರೆ ದೊಡ್ಡ ಬಾಯಿಯಲ್ಲಿ ನೂರು ಜನ ಒತ್ತಿದಷ್ಟು ಬಲ. ಮೇಷ್ಟ್ರು ಹತ್ತನೇ ಕ್ಲಾಸಲ್ಲಿ ಹೇಳಿದ್ದು ಇದೇ, ನಾವು ಪರೀಕ್ಷೆ ಮುಗಿದ ಮೇಲೆ ಮರೆತಿದ್ದೂ ಇದೇ.

ಶೆಡ್ಡಿನ ಪ್ರೆಸ್ಸಿಗೆ ಹಾಕಿ ನೋಡೋಣ. ಸಿಲಿಂಡರ್ ಒಳಗಿನ ಅಗಲ 8 ಸೆಂಟಿಮೀಟರ್ ಅಂದ್ಕೊಳ್ಳಿ. ಅದರ ಮುಖದ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ಮೀಟರ್ ಮುಳ್ಳು 100 ಕೆಜಿ ತೋರಿಸ್ತಿದೆ ಅಂದ್ರೆ ಪ್ರತಿ ಚದರ ಸೆಂಟಿಮೀಟರಿಗೆ 100 ಕೆಜಿ. ಒಟ್ಟು 5,000 ಕೆಜಿ, ಅಂದ್ರೆ 5 ಟನ್. ಒಂದು ಹಾಳೆಯ ಮೇಲೆ ಅಷ್ಟು ಭಾರ ನಿಂತಿದೆ, ಪಕ್ಕದಲ್ಲಿ ನಿಮ್ಮ ಬೆರಳು ಇದೆ.

ಪಾಸ್ಕಲ್ ಬರೆದ ಮೇಲೆ ಇದನ್ನ ಕೆಲಸಕ್ಕೆ ಬರೋ ಯಂತ್ರ ಮಾಡೋಕೆ 130 ವರ್ಷಕ್ಕೂ ಹೆಚ್ಚು ಹಿಡೀತು. ಯಾಕೆ? ಲೆಕ್ಕ ಗೊತ್ತಿತ್ತು, ಸೋರಿಕೆ ನಿಲ್ಲಿಸೋದು ಗೊತ್ತಿರಲಿಲ್ಲ.

ಜೋಸೆಫ್ ಬ್ರಾಮಾ. ಇಂಗ್ಲೆಂಡಿನ ಯಾರ್ಕ್‌ಶೈರಿನ ರೈತನ ಮಗ, ಹುಟ್ಟಿದ್ದು 1748. ಹರೆಯದಲ್ಲಿ ಕಾಲಿಗೆ ಪೆಟ್ಟಾಗಿ ಹೊಲದ ಕೆಲಸ ಆಗದೆ ಬಡಗಿಯ ಹತ್ತಿರ ಕಲಿಯೋಕೆ ಸೇರಿದ. ಲಂಡನ್ನಿಗೆ ಬಂದು ಶೌಚಾಲಯದ ಕಮೋಡ್ ಸುಧಾರಿಸಿ ಪೇಟೆಂಟ್ ಮಾಡಿದ, ಆಮೇಲೆ ಯಾರೂ ತೆಗೆಯಲಾಗದ ಬೀಗ ಅಂತ ಒಂದು ಬೀಗ ಮಾಡಿದ. 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಒಳಗೆ ಎಣ್ಣೆ ಅಲ್ಲ, ನೀರು.

ಯಂತ್ರ ನಿಂತಿತು, ಆದರೆ ದಂಡ ಸಿಲಿಂಡರಿನಿಂದ ಹೊರಗೆ ಬರೋ ಜಾಗದಲ್ಲಿ ನೀರು ಚಿಮ್ಮುತ್ತಿತ್ತು. ಸುತ್ತ ಪ್ಯಾಕಿಂಗ್ ತುಂಬಿ ಬಿಗಿ ಮಾಡಿದರೆ ಸೋರಿಕೆ ನಿಲ್ಲುತ್ತಿತ್ತು, ಆದರೆ ಒತ್ತಡ ಬಿಟ್ಟ ಮೇಲೆ ದಂಡ ಹಿಂದಕ್ಕೆ ಬರುತ್ತಿರಲಿಲ್ಲ, ಪ್ಯಾಕಿಂಗೇ ಹಿಡ್ಕೊಂಡು ಬಿಡುತ್ತಿತ್ತು. ಸಡಿಲ ಮಾಡಿದರೆ ಮತ್ತೆ ನೀರು. ಬಿಗಿ ಇದ್ದರೆ ಕಷ್ಟ, ಸಡಿಲ ಇದ್ದರೆ ನಷ್ಟ.

ಬ್ರಾಮಾನ ವರ್ಕ್‌ಶಾಪಿನಲ್ಲಿ ಹೆನ್ರಿ ಮಾಡ್ಸ್ಲೆ ಅಂತ ಒಬ್ಬ ಯುವಕ ಇದ್ದ. ಹದಿನೆಂಟಕ್ಕೇ ಕೆಲಸಕ್ಕೆ ಸೇರಿದ್ದ. ಅವನು ಮಾಡಿದ್ದು ಇಷ್ಟೆ: ತೊಗಲನ್ನ ಬಟ್ಟಲಿನ ಆಕಾರಕ್ಕೆ ಒತ್ತಿ, ಅದರ ಬಾಯಿ ಒತ್ತಡದ ಕಡೆಗೆ ಇರೋ ಹಾಗೆ ಕೂರಿಸಿದ. ನೀರಿನ ಒತ್ತಡ ಏರಿದಂತೆ ಅದೇ ನೀರು ಬಟ್ಟಲಿನ ಅಂಚನ್ನ ಅಗಲಿಸಿ ದಂಡಕ್ಕೆ ಒತ್ತುತ್ತೆ. ಒತ್ತಡ ಹೆಚ್ಚಾದಷ್ಟೂ ಬಿಗಿ ಹೆಚ್ಚು. ಒತ್ತಡ ಇಳಿದರೆ ಅಂಚು ತಾನೇ ಸಡಿಲ, ದಂಡ ಸಲೀಸಾಗಿ ವಾಪಸ್. ಸೋರೋಕೆ ನೋಡುತ್ತಿದ್ದ ನೀರಿಗೇ ಸೋರಿಕೆ ನಿಲ್ಲಿಸೋ ಕೆಲಸ ಕೊಟ್ಟ.

ಇದು ನಿಮಗೆ ಗೊತ್ತಿಲ್ಲದ ವಸ್ತು ಅಂದ್ಕೋಬೇಡಿ. ಹಳೇ ಸೈಕಲ್ ಪಂಪಿನ ತೊಗಲು ವಾಷರ್ ನೋಡಿದ್ದೀರಾ? ಒಣಗಿ ಗಾಳಿ ಹಿಡೀದಿದ್ದಾಗ ತಾತ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಲ್ಲಿ ಅಂಚು ಅಗಲ ಮಾಡಿ ಮತ್ತೆ ಹಾಕ್ತಿದ್ದರಲ್ಲ, ಅದೇ ಬಟ್ಟಲು. ಸೀಮೆಎಣ್ಣೆ ಪಂಪ್ ಸ್ಟೌವಿನಲ್ಲೂ ಅದೇ. ಊರೂರಲ್ಲಿ ನಿಂತಿದ್ದ ಇಂಡಿಯಾ ಮಾರ್ಕ್ 2 ಕೈಪಂಪಿನ ಒಳಗೂ ಮೊದಲಿಗೆ ತೊಗಲಿನ ಬಟ್ಟಲು ವಾಷರೇ ಇತ್ತು, ಆಮೇಲೆ ರಬ್ಬರಿನದು ಬಂತು. "ಬೋರಿನ ವಾಷರ್ ಹೋಗಿದೆ" ಅಂತ ಪಂಚಾಯ್ತಿಗೆ ದೂರು ಕೊಟ್ಟ ಪ್ರತಿ ಊರೂ ಮಾಡ್ಸ್ಲೆಯ ಗಿರಾಕಿ.

ಹೆಸರು ಮಾತ್ರ ಬ್ರಾಮಾ ಪ್ರೆಸ್ ಅಂತ ಉಳೀತು. ಮಾಡ್ಸ್ಲೆಗೆ ವಾರಕ್ಕೆ 30 ಶಿಲಿಂಗ್ ಸಂಬಳ. ಹೆಂಡತಿ ಮಕ್ಕಳು ಇದ್ದಾರೆ, ಸ್ವಲ್ಪ ಜಾಸ್ತಿ ಮಾಡಿ ಅಂತ ಕೇಳಿದ, ಬ್ರಾಮಾ ಆಗಲ್ಲ ಅಂದ. ಹೊರಗೆ ಬಂದು ಸ್ವಂತ ವರ್ಕ್‌ಶಾಪ್ ಹಾಕಿದ ಮಾಡ್ಸ್ಲೆ ಮುಂದೆ ಲೇತ್ ಯಂತ್ರದ ಚರಿತ್ರೆಯಲ್ಲಿ ತನ್ನ ಯಜಮಾನನಿಗಿಂತ ದೊಡ್ಡ ಹೆಸರಾದ. ಆ ತೊಗಲಿನ ಬಟ್ಟಲು ಮಾಡ್ಸ್ಲೆಯದು ಅಂತ ಅವನ ಕೈಕೆಳಗೆ ಕೆಲಸ ಮಾಡಿದ್ದ ಜೇಮ್ಸ್ ನಾಸ್ಮಿತ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬ್ರಾಮಾ ಸತ್ತಿದ್ದು 1814ರಲ್ಲಿ. ತನ್ನದೇ ಪ್ರೆಸ್ಸಿನಿಂದ ಕಾಡಿನಲ್ಲಿ ಮರಗಳನ್ನು ಬೇರುಸಹಿತ ಕೀಳಿಸುತ್ತಾ ಚಳಿಯಲ್ಲಿ ನಿಂತಿದ್ದಾಗ ಹಿಡಿದ ಶೀತ ನ್ಯುಮೋನಿಯಾ ಆಗಿ.

ಯಂತ್ರ ಮಾರೋ ಅಂಗಡಿಗಳು ಈಗಲೂ ಪಂಪಿನ ಬ್ರ್ಯಾಂಡ್ ಹೇಳ್ತಾವೆ, ಮೋಟಾರಿನ ಎಚ್‌ಪಿ ಹೇಳ್ತಾವೆ. ಸೀಲ್ ಯಾವ ಸೈಜು ಅಂತ ಎಷ್ಟು ಜನ ಬರೆದು ಕೊಡ್ತಾರೆ? ಯಂತ್ರ ಕೆಡೋದು ಮಾತ್ರ ಮೊದಲು ಅಲ್ಲೇ.

ತೊಗಲಿನಿಂದ ರಬ್ಬರಿಗೆ ಬಂದಿದ್ದು ಇಪ್ಪತ್ತನೇ ಶತಮಾನದಲ್ಲಿ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿದ್ದ ನೀಲ್ಸ್ ಕ್ರಿಸ್ಟೆನ್‌ಸನ್ ಅನ್ನೋ ಅಜ್ಜ ಓ ರಿಂಗ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1937ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ. ಅದೇ ದಶಕದಲ್ಲಿ ಎಣ್ಣೆಗೆ ಕರಗದ ನೈಟ್ರೈಲ್ ರಬ್ಬರು ಬಂತು. ಅಂಗಡಿಯಲ್ಲಿ ಕಪ್ಪಗಿರೋ ಸಾಮಾನ್ಯ ಸೀಲ್‌ಗಳಲ್ಲಿ ಬಹಳಷ್ಟು ಈ ನೈಟ್ರೈಲೇ. ಅದಕ್ಕೆ ಎಣ್ಣೆ ಒಗ್ಗುತ್ತೆ, ಅತಿ ಶಾಖ ಒಗ್ಗಲ್ಲ. ಹಾಳೆ ತಟ್ಟೆ ಪ್ರೆಸ್ಸಿನಲ್ಲಿ ಕೆಳಗೆ ಡೈ ಕಾಯ್ತಾ ಇರುತ್ತೆ, ದಿನವಿಡೀ ಓಡಿ ಎಣ್ಣೆಯೂ ಕಾದಿರುತ್ತೆ. ಸೀಲ್ ನಿಧಾನವಾಗಿ ಗಟ್ಟಿಯಾಗಿ, ಅಂಚು ಬಿರುಕು ಬಿಟ್ಟು, ಒಂದು ದಿನ ಒತ್ತಡ ಹಿಡಿಯೋದು ಬಿಡುತ್ತೆ. ಸೀಲ್ ಗಟ್ಟಿಯಾದರೆ ಎಂಥಾ ಯಂತ್ರವೂ ಉಳಿಯಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಆಕಾಶದಲ್ಲಿ ಚೂರಾಗಿ ಏಳು ಜನ ಸತ್ತಿದ್ದಕ್ಕೆ ಕಾರಣ ಚಳಿಗೆ ಬಿಗಿದು ಹೋದ ಓ ರಿಂಗ್.

ಈಗ ನಮ್ಮ ಹುಡುಗನ ಮುಳ್ಳಿಗೆ ಬರೋಣ.

ಪ್ರೆಸ್ ಕೈ ಕೊಟ್ಟಾಗ ಮೊದಲ ತಪ್ಪು ಅಂದ್ರೆ ಸ್ಪ್ಯಾನರ್ ಕೈಗೆ ತಗೊಳ್ಳೋದು. ಮೊದಲು ನೋಡಬೇಕು, ಕೇಳಬೇಕು. ದಂಡ ಪೂರ್ತಿ ಒಳಗೆ ಹೋಗಿರುವಾಗ ಟ್ಯಾಂಕಿನ ಗಾಜಿನಲ್ಲಿ ಎಣ್ಣೆ ಮಟ್ಟ ಎಷ್ಟಿದೆ? ಎಣ್ಣೆ ಮಜ್ಜಿಗೆ ಥರ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಎಲ್ಲೋ ಗಾಳಿ ಎಳ್ಕೊಳ್ತಿದೆ. ಪಂಪು ಕಲ್ಲು ಅರೆದ ಹಾಗೆ ಸದ್ದು ಮಾಡ್ತಿದ್ದರೆ ಎಣ್ಣೆ ಎಳೆಯೋ ಕಡೆಯ ಜಾಲರಿ ಕಟ್ಟಿಕೊಂಡಿರಬಹುದು.

ಇನ್ನೊಂದು ನಮ್ಮ ಕಡೆಯ ವಿಶೇಷ, ಯಾವ ಪುಸ್ತಕದಲ್ಲೂ ಮೊದಲ ಪುಟದಲ್ಲಿ ಬರೆಯಲ್ಲ. ಟಿಸಿ ಸುಟ್ಟು ಹೊಸದು ಕೂರಿಸಿದ ಮಾರನೇ ದಿನವೋ, ಲೈನ್ ರಿಪೇರಿ ಆದ ಮೇಲೋ ಪ್ರೆಸ್ ಇದ್ದಕ್ಕಿದ್ದಂತೆ ಸತ್ತ ಹಾಗೆ ಆಗಿದ್ದರೆ ಮೊದಲು ಮೋಟಾರು ಯಾವ ಕಡೆ ತಿರುಗ್ತಿದೆ ನೋಡಿ. ತ್ರೀ ಫೇಸ್ ಮೋಟಾರಿಗೆ ಎರಡು ಫೇಸ್ ಅದಲು ಬದಲಾದರೆ ಅದು ಉಲ್ಟಾ ತಿರುಗುತ್ತೆ. ಗೇರ್ ಪಂಪು ಉಲ್ಟಾ ತಿರುಗಿದರೆ ಒತ್ತಡ ಹುಟ್ಟಲ್ಲ, ಜೊತೆಗೆ ಅದರ ಶಾಫ್ಟ್ ಸೀಲ್ ಹಾರಿಹೋಗುತ್ತೆ. ಮೋಟಾರಿನ ಮೇಲೆ ಬಾಣದ ಗುರುತು ಇರುತ್ತೆ. ಉಲ್ಟಾ ಇದ್ದರೆ ತಕ್ಷಣ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೀರಿ. ಹೊಸ ಪಂಪಿನ ದುಡ್ಡು ಉಳಿದ ಹಾಗೆ.

ಆಮೇಲೆ ಮುಳ್ಳಿನ ಭಾಷೆ. ಹಾಳೆ ಇಡದೆ ಡೈ ಮುಚ್ಚಿ ಲಿವರ್ ಹಿಡೀರಿ. ಮುಳ್ಳು ಯಂತ್ರದವರು ಹೇಳಿದ ಅಂಕಿ ಮುಟ್ಟಿ ಅಲ್ಲೇ ನಿಂತು, ತಟ್ಟೆ ಮಾತ್ರ ಸರಿಯಾಗಿ ಬರ್ತಿಲ್ಲ ಅಂದ್ರೆ ತೊಂದರೆ ಹೈಡ್ರಾಲಿಕ್ ಕಡೆಯದಲ್ಲ. ಡೈ ಕಾದಿಲ್ಲ, ಥರ್ಮೋಸ್ಟಾಟ್ ಕೈ ಕೊಟ್ಟಿದೆ, ಇಲ್ಲಾ ಹಾಳೆ ನೆನೆದದ್ದು ಹೆಚ್ಚು ಕಡಿಮೆ ಆಗಿದೆ. ಮುಳ್ಳು ಏರೋದೇ ಇಲ್ಲ ಅಂದ್ರೆ ಎಣ್ಣೆ, ಪಂಪು, ರಿಲೀಫ್ ವಾಲ್ವ್, ಲಿವರ್ ವಾಲ್ವ್ ಈ ಸಾಲಿನಲ್ಲಿ ಅನುಮಾನ ಪಡಬೇಕು. ಪೂರ್ತಿ ಏರುತ್ತೆ, ಲಿವರ್ ನಡುವಿಗೆ ಬಿಟ್ಟ ಕೂಡಲೇ ಇಳಿಯುತ್ತೆ ಅಂದ್ರೆ? ಏರಿಸಿದ್ದು ಪಂಪೇ ತಾನೆ, ಅದು ತನ್ನ ಕೆಲಸ ಮಾಡಿದೆ. ಹಿಡಿದುಕೊಳ್ಳಬೇಕಾದವರು ಹಿಡೀತಿಲ್ಲ. ಸಿಲಿಂಡರ್ ಸೀಲ್ ಇರಬಹುದು, ಲಿವರ್ ವಾಲ್ವ್ ಸವೆದಿರಬಹುದು, ಒತ್ತಡ ಹಿಂದಕ್ಕೆ ಬರದಂತೆ ತಡೆಯೋ ಚೆಕ್ ವಾಲ್ವಿನಲ್ಲಿ ಕಸ ಕೂತಿರಬಹುದು. ಕೆಲವು ಯಂತ್ರಗಳಲ್ಲಿ ಲಿವರ್ ನಡುವಿನಲ್ಲಿದ್ದಾಗ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗೋ ಹಾಗೇ ಮಾಡಿರ್ತಾರೆ, ಅಲ್ಲಿ ಇಳಿಯೋದೇ ಸರಿ. ಹಾಗಾಗಿ ಮೊದಲು ನಿಮ್ಮ ಯಂತ್ರ ಹೊಸದಿದ್ದಾಗ ಹೇಗಿತ್ತು ಅಂತ ನೆನಪಿಸ್ಕೊಳ್ಳಿ. ಮುಂಚೆ ನಿಲ್ತಿತ್ತು, ಈಗ ನಿಲ್ಲಲ್ಲ ಅಂದ್ರೆ ಪಂಪು ಬದಲಾಯಿಸೋಕೆ ಮುಂಚೆ ಸೀಲ್ ಮತ್ತು ವಾಲ್ವ್ ನೋಡಿಸಿ. ನನ್ನ ಉತ್ತರ ಅಷ್ಟೆ.

ಸೀಲ್ ತರುವಾಗ ಹಳೇ ಸೀಲನ್ನ ಅಳೆದು ತರಬೇಡಿ. ಅದು ಎಣ್ಣೆಯಲ್ಲಿ ಊದಿರುತ್ತೆ ಇಲ್ಲಾ ಕುಗ್ಗಿರುತ್ತೆ. ದಂಡದ ಅಳತೆ, ಸೀಲ್ ಕೂರೋ ಗಾಡಿಯ ಅಳತೆ ತಗೊಂಡು ಹೋಗಿ. ಅಂಚಿನ ಬಾಯಿ ಒತ್ತಡದ ಕಡೆಗೇ ಇರಬೇಕು, ಉಲ್ಟಾ ಹಾಕಿದರೆ ಮಾಡ್ಸ್ಲೆಯ ಕೆಲಸವೆಲ್ಲ ನೀರುಪಾಲು. ಸ್ಕ್ರೂಡ್ರೈವರಲ್ಲಿ ಮೀಟಿ ಕೂರಿಸಿದ ಸೀಲು ಕೂತ ದಿನವೇ ಗೀರಿರುತ್ತೆ. ದಂಡದ ಮೇಲೆ ಗೆರೆ ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಅದು ಚಾಕುವಿನ ಹಾಗೆ ಕತ್ತರಿಸ್ತಾನೇ ಇರುತ್ತೆ. ಇನ್ನು ಎಣ್ಣೆ ಕಮ್ಮಿ ಇದೆ ಅಂತ ಬ್ರೇಕ್ ಆಯಿಲ್ ಸುರಿಯೋ ಅಭ್ಯಾಸ ಗ್ಯಾರೇಜುಗಳಲ್ಲಿ ಇದೆ. ನೈಟ್ರೈಲ್ ಸೀಲಿಗೆ ಅದು ವಿಷ, ಊದಿಸಿ ಮೆತ್ತಗೆ ಮಾಡಿಬಿಡುತ್ತೆ. ಯಂತ್ರದವರು 68 ಅಂದಿದ್ದರೆ 68, 46 ಅಂದಿದ್ದರೆ 46 ನಂಬರಿನ ಹೈಡ್ರಾಲಿಕ್ ಎಣ್ಣೆಯೇ ಆಗಬೇಕು.

ಸರಿ, ಇಲ್ಲಿವರೆಗೆ ದುಡ್ಡಿನ ಮಾತು. ಇನ್ನು ಮುಂದೆ ಜೀವದ ಮಾತು.

ಒತ್ತಡ ಕಮ್ಮಿ ಆದಾಗ ಎಲ್ಲರಿಗೂ ಬರೋ ಆಸೆ ಒಂದಿದೆ: ರಿಲೀಫ್ ವಾಲ್ವಿನ ಸ್ಕ್ರೂ ಸ್ವಲ್ಪ ಬಿಗಿ ಮಾಡೋಣ. ಮಾಡಬೇಡಿ. ಆ ವಾಲ್ವ್ ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವಿನ ಹಾಗೆ. ಸೋರೋ ಸೀಲ್ ಹಾಗೇ ಬಿಟ್ಟು ಇದನ್ನ ಬಿಗಿದರೆ, ಹೊಸ ಸೀಲ್ ಹಾಕಿದ ದಿನ ಆ ಹೆಚ್ಚುವರಿ ಒತ್ತಡವೆಲ್ಲ ಪೈಪಿನ ಮೇಲೆ, ಸಿಲಿಂಡರಿನ ಮೇಲೆ ಬೀಳುತ್ತೆ. ಸಿಲಿಂಡರ್ ಬಿರುಕು ಬಿಟ್ಟಿದ್ದರೆ ಮೇಲೆ ವೆಲ್ಡಿಂಗ್ ಹಾಕಿಸಿ ಓಡಿಸೋದೂ ಬೇಡ.

ಸಿಲಿಂಡರ್ ಒಡೆದರೆ ಏನಾಗುತ್ತೆ ಅನ್ನೋದಕ್ಕೆ ಇಂಜಿನಿಯರಿಂಗ್ ಚರಿತ್ರೆಯಲ್ಲಿ ಒಂದು ದಿನಾಂಕವೇ ಇದೆ. 1849ರ ಆಗಸ್ಟ್ 17. ವೇಲ್ಸ್‌ನ ಮೆನೈ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ಬ್ರಿಟಾನಿಯಾ ಅನ್ನೋ ರೈಲ್ವೆ ಸೇತುವೆ ಕಟ್ಟಿಸ್ತಾ ಇದ್ದ. ರೈಲು ಒಳಗೇ ಹೋಗುವಂಥ ಕಬ್ಬಿಣದ ಕೊಳವೆಗಳು, ದೊಡ್ಡದೊಂದಕ್ಕೆ ಸಾವಿರ ಟನ್ನಿಗೂ ಬಹಳ ಮೇಲೆ ತೂಕ. ಅವನ್ನ ನೀರಿನ ಮೇಲೆ ತೇಲಿಸಿ ತಂದು, ಕಂಬಗಳ ತುದಿಯಲ್ಲಿ ಕೂರಿಸಿದ್ದ ಹೈಡ್ರಾಲಿಕ್ ಪ್ರೆಸ್ಸುಗಳಿಂದ ಮೇಲೆತ್ತಬೇಕು. ಅದರಲ್ಲಿ ದೊಡ್ಡ ಪ್ರೆಸ್ಸು ಆ ಕಾಲಕ್ಕೆ ಜಗತ್ತಿಗೇ ದೊಡ್ಡದು, ಅದರ ದಂಡದ ದಪ್ಪವೇ 20 ಇಂಚು. ಸ್ಟೀಫನ್‌ಸನ್ ಸ್ಥಳದಲ್ಲಿದ್ದ ಇಂಜಿನಿಯರ್ ಎಡ್ವಿನ್ ಕ್ಲಾರ್ಕ್‌ಗೆ ಒಂದು ಮಾತು ಹೇಳಿದ್ದ: ಕೊಳವೆ ಒಂದು ಇಂಚು ಏರಿದರೆ ಕೆಳಗೆ ಒಂದು ಇಂಚು ಆಸರೆ ತುಂಬುತ್ತಾ ಬನ್ನಿ, ಪ್ರೆಸ್ಸನ್ನೇ ನಂಬಬೇಡಿ. ಕೆಲಸ ನಿಧಾನ ಆಗುತ್ತೆ ಅಂತ ಅನ್ನಿಸೋ ಸೂಚನೆ.

ಆ ದಿನ ಎರಕದ ಕಬ್ಬಿಣದ ಸಿಲಿಂಡರಿನ ತಳವೇ ಕಿತ್ತು ಬಿತ್ತು. ಒಬ್ಬ ಕೆಲಸಗಾರ ಸತ್ತ. ಕೊಳವೆ ಬಿದ್ದಿದ್ದು ಒಂದು ಅಡಿಗಿಂತ ಕಮ್ಮಿ, ಕೆಳಗೆ ಆಸರೆ ಇತ್ತು. ಇಲ್ಲದಿದ್ದರೆ ಇಡೀ ಕೊಳವೆ ಸಮುದ್ರಕ್ಕೆ. ಸೇತುವೆ ಮುಗೀತು, 1850ರಲ್ಲಿ ರೈಲು ಓಡಿತು. ಆ ಪ್ರೆಸ್ಸನ್ನ 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನ ಸಾಲಲ್ಲಿ ನಿಂತು ನೋಡಿದರು. (ಬ್ರಾಮಾನ ತೆಗೆಯಲಾಗದ ಬೀಗವನ್ನ ಒಬ್ಬ ಅಮೆರಿಕನ್ ತೆಗೆದು ತೋರಿಸಿದ್ದೂ ಅದೇ ವರ್ಷ.)

ನಿಮ್ಮ ಶೆಡ್ಡಿನಲ್ಲಿ ಆ ಕೊಳವೆ ಯಾವುದು ಅಂದ್ರೆ ಮೇಲಿನ ಡೈ. ಅದು ಎಣ್ಣೆಯ ಮೇಲೆ ನಿಂತಿದೆ. ಪೈಪಿನ ನಟ್ ಸಡಿಲ ಮಾಡಿದ ಕ್ಷಣ ಅದು ಕೆಳಗೆ ಬರುತ್ತೆ. ಹಾಗಾಗಿ ಬಿಚ್ಚೋಕೆ ಮುಂಚೆ ಮೇಲಿನ ಡೈಯನ್ನ ಪೂರ್ತಿ ಇಳಿಸಿ ಕೂರಿಸಿ. ಮೇಲೇ ಇರಬೇಕಾದ ಕೆಲಸವಾದರೆ ಗಟ್ಟಿ ಕಬ್ಬಿಣದ ಊರೆ ಕೊಡಿ, ಇಟ್ಟಿಗೆ ಜೋಡಿಸಿ ಊರೆ ಅನ್ನಬೇಡಿ. ಡೈ ತಣ್ಣಗಾಗಲಿ. ಮೋಟಾರಿನ ಸ್ವಿಚ್ ಅಷ್ಟೇ ಅಲ್ಲ, ಮೇನ್ ಆಫ್ ಮಾಡಿ. ಎಷ್ಟೋ ಯಂತ್ರಗಳಲ್ಲಿ ಡೈ ಕಾಯಿಸೋ ಕಾಯಿಲ್‌ಗೆ ಬೇರೆಯೇ ಲೈನ್ ಇರುತ್ತೆ, ಮೋಟಾರು ಆಫ್ ಆಗಿದ್ದರೂ ಅದು ಜೀವಂತ. ಮೇನ್ ಬೋರ್ಡಿಗೆ ಬೀಗ ಹಾಕಿ ಕೀ ಜೇಬಲ್ಲಿಟ್ಕೊಳ್ಳಿ, ಯಾಕಂದ್ರೆ "ಕರೆಂಟ್ ಬಂತಾ ನೋಡ್ತೀನಿ" ಅಂತ ಸ್ವಿಚ್ ಒತ್ತೋರು ಪ್ರತಿ ಮನೆಯಲ್ಲೂ ಒಬ್ಬರು ಇರ್ತಾರೆ. ಆಮೇಲೆ, ಕರೆಂಟ್ ಇಲ್ಲದೇನೇ ಲಿವರನ್ನ ಎರಡೂ ಕಡೆ ನಾಲ್ಕಾರು ಸಲ ಆಡಿಸಿ. ಒಳಗೆ ಕೂತಿರೋ ಒತ್ತಡ ಟ್ಯಾಂಕಿಗೆ ಹೋಗಬೇಕು. ಮುಳ್ಳು ಸೊನ್ನೆಗೆ ಬಂತಾ? ಬಂದರೂ ಪೂರ್ತಿ ನಂಬಬೇಡಿ, ಮೀಟರ್ ಕೆಟ್ಟಿರಬಹುದು. ಮೊದಲ ನಟ್ ಬಿಚ್ಚುವಾಗ ಮುಖ ಪಕ್ಕಕ್ಕಿಟ್ಟು, ಕನ್ನಡಕ ಹಾಕ್ಕೊಂಡು, ಕಾಲು ಸುತ್ತು ಸಡಿಲ ಮಾಡಿ ನಿಲ್ಲಿಸಿ. ಎಣ್ಣೆ ಒಸರೋದು ನಿಂತ ಮೇಲೆ ಮುಂದಿನ ಸುತ್ತು. ಯಂತ್ರದಲ್ಲಿ ಗ್ಯಾಸ್ ತುಂಬಿದ ಅಕ್ಯುಮುಲೇಟರ್ ಅನ್ನೋ ಉಂಡೆ ಇದ್ದರೆ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ ಗೊತ್ತಿರೋರನ್ನ ಕರೀರಿ.

ಇನ್ನೊಂದು ಅಪಾಯ ಇದೆ, ಅದು ಕಣ್ಣಿಗೇ ಕಾಣಲ್ಲ. ಪೈಪಿನಲ್ಲಿ ಸೂಜಿ ಮೊನೆಯಷ್ಟು ತೂತು. ಹೊರಗೆ ಬರೋದು ಮಂಜಿನ ಹಾಗೆ ಎಣ್ಣೆ. ಎಲ್ಲಿಂದ ಬರ್ತಿದೆ ಅಂತ ಬೆರಳು ಆಡಿಸಿ ಹುಡುಕೋದು ಎಲ್ಲರೂ ಮಾಡೋ ಕೆಲಸ. ಆ ಎಣ್ಣೆ ಇಂಜೆಕ್ಷನ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತೆ. ಮೊದಲಿಗೆ ಇರುವೆ ಕಚ್ಚಿದಷ್ಟು ನೋವು, ಒಂದು ಚಿಕ್ಕ ಚುಕ್ಕೆ. ರಾತ್ರಿ ಹೊತ್ತಿಗೆ ಕೈ ಊದಿಕೊಂಡು ಒಳಗಿನ ಮಾಂಸ ಸಾಯೋಕೆ ಶುರುವಾಗಿರುತ್ತೆ. ಬೆರಳು, ಕೆಲವೊಮ್ಮೆ ಕೈಯೇ ತೆಗೆಯಬೇಕಾಗುತ್ತೆ. ಸೋರಿಕೆ ಹುಡುಕೋಕೆ ಒಂದು ರಟ್ಟಿನ ತುಂಡು ದೂರದಿಂದ ಹಿಡೀರಿ, ಒದ್ದೆಯಾದ ಜಾಗ ತಾನೇ ಹೇಳುತ್ತೆ. ಅಕಸ್ಮಾತ್ ಚುಚ್ಚಿದ್ದರೆ ಅರಿಶಿನ ಹಚ್ಚಿ ಬೆಳಗಾಗಲಿ ಅನ್ನಬೇಡಿ, ಹಿಸುಕಬೇಡಿ. ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಆಗಲೇ ಹೊರಡಿ. "ಗಾಯ ಆಗಿದೆ" ಅಂತ ಮಾತ್ರ ಹೇಳಬೇಡಿ. "ಹೆಚ್ಚು ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ" ಅಂತ ಹೇಳಿ, ಎಣ್ಣೆ ಡಬ್ಬಿಯ ಫೋಟೋ ತೋರಿಸಿ. ಹೊರಗಿನ ಚುಕ್ಕೆ ನೋಡಿ ಬರೀ ಟಿಟಿ ಹಾಕಿ ಕಳಿಸೋ ಸಂಭವ ಇದೆ.

ರಿಪೇರಿ ಆಯ್ತು, ಮತ್ತೆ ಓಡಿಸ್ತೀರಿ. ಮೊದಲು ಹಾಳೆ ಇಲ್ಲದೆ, ಕಮ್ಮಿ ಒತ್ತಡದಲ್ಲಿ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಹೋಗಲಿ. ಆಮೇಲೆ ದಿನದ ಕೆಲಸ. ಇಲ್ಲಿ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಒಬ್ಬರು ಹಾಳೆ ಇಡೋದು, ಇನ್ನೊಬ್ಬರು ಲಿವರ್ ಎಳೆಯೋದು, ಜೋರಾಗಿ ಕೆಲಸ ಸಾಗುತ್ತೆ ಅಂತ ಬಹಳ ಕಡೆ ಹೀಗೇ ಮಾಡ್ತಾರೆ. ಬೆರಳು ಹೋಗೋದು ಇಲ್ಲೇ. ಹಾಳೆ ಇಟ್ಟವರ ಕೈಯಲ್ಲೇ ಲಿವರ್ ಇರಬೇಕು. ಎರಡು ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯೋ ಪ್ರೆಸ್ಸುಗಳು ಬಂದಿರೋದು ಇದೇ ಕಾರಣಕ್ಕೆ. ಸ್ವಲ್ಪ ಹೆಚ್ಚು ದುಡ್ಡಾದರೂ ತಗೊಳ್ಳುವಾಗ ಅದನ್ನೇ ಕೇಳಿ.

ಕಾನೂನು ಏನು ಹೇಳುತ್ತಿತ್ತು? 1948ರ ಕಾರ್ಖಾನೆ ಕಾಯ್ದೆ, ಯಂತ್ರದ ಅಪಾಯದ ಭಾಗಗಳಿಗೆ ಬೇಲಿ ಇರಬೇಕು ಅಂದಿತ್ತು. ಆದರೆ ಕರೆಂಟ್ ಬಳಸೋ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. ಅಪ್ಪ, ಅಮ್ಮ, ಮಗ, ಪಕ್ಕದ ಮನೆಯ ಅಕ್ಕ ಸೇರಿ ನಡೆಸೋ ಶೆಡ್ಡಿಗೆ ಇನ್ಸ್‌ಪೆಕ್ಟರ್ ಬರಬೇಕಾಗೇ ಇರಲಿಲ್ಲ.

1923ರ ಪರಿಹಾರ ಕಾಯ್ದೆ ಸ್ವಲ್ಪ ಅಗಲವಾಗಿತ್ತು. ಕೂಲಿಗೆ ಬರೋ ಆ ಅಕ್ಕನಂಥವರನ್ನೂ ಒಳಗೊಳ್ಳುವ ಹಾಗೆ ಅದನ್ನ ಮುಂದೆ ಹಿಗ್ಗಿಸಿದರು. ಅದರ ಕೊನೆಯಲ್ಲಿ ಒಂದು ಪಟ್ಟಿ ಇತ್ತು, ಯಾವ ಅಂಗ ಹೋದರೆ ದುಡಿಮೆಯ ಶಕ್ತಿಯಲ್ಲಿ ಎಷ್ಟು ಹೋಯಿತು ಅನ್ನೋ ಲೆಕ್ಕ. ಹೆಬ್ಬೆರಳಿಗೆ ಶೇಕಡಾ 30. ಪೂರ್ತಿ ತೋರುಬೆರಳಿಗೆ 14. ನಡುಬೆರಳಿಗೆ 12. ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ಮನೆಯ ಮಗನೇ ಲಿವರ್ ಹಿಡಿದಿದ್ದರೆ ಈ ಪಟ್ಟಿಯೂ ಇರಲಿಲ್ಲ, ಅಲ್ಲಿ ಕೊಡಬೇಕಾದ ಮಾಲೀಕರೇ ಅಪ್ಪ.